ನಾನು ಕೈಯಿಡದ ಹೊಟ್ಟೆ

ಬೆನ್ನ ಹಿಂದೆ ಹುಡುಗರು ನನ್ನನ್ನು 'ಅಂಗಿಬಿಚ್ಚಿ' ಎಂದು ಕರೆಯುತ್ತಾರೆ. ಮೂವತ್ತೊಂದು ವರ್ಷಗಳಿಂದ ವಾರ್ಡಿನಲ್ಲಿ ದಿನಕ್ಕೆ ನಲವತ್ತು ಸಲ ನಾನು ಹೇಳುವ ಮಾತು ಅದು: "ಅಂಗಿ ಬಿಚ್ಚಿ, ಮಲಗಿ." ಜ್ವರ ಎಂದು ಬಂದವರಿಗೂ ಅದೇ, ಮಂಡಿನೋವು ಎಂದು ಬಂದವರಿಗೂ ಅದೇ. ಒಮ್ಮೆ ಲಿಫ್ಟ್ ರಿಪೇರಿಗೆ ಬಂದವನೊಬ್ಬ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದನಂತೆ, ನಾನು ಅವನನ್ನೂ ಬಿಡದೆ ಮಲಗಿಸಿ ನೋಡಿದೆನಂತೆ, ಹೀಗೆಲ್ಲ ಕಥೆ ಕಟ್ಟಿದ್ದಾರೆ. ಕಥೆಯಲ್ಲ, ನಿಜವೇ. ಅವನ ಅಪೆಂಡಿಕ್ಸನ್ನು ಆ ಸಂಜೆಯೇ ತೆಗೆದರು.

ಈ ಅಡ್ಡಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಇತ್ತು ಎಂದೇ ಹೇಳಬೇಕು. ಈಗಿನ ಹುಡುಗರು ರೋಗಿಯ ಮುಖ ನೋಡುವ ಮೊದಲು ಸ್ಕ್ಯಾನ್ ರಿಪೋರ್ಟ್ ನೋಡುತ್ತಾರೆ. ನಾನು ಆ ಕವರನ್ನು ಕಿತ್ತು ದಿಂಬಿನ ಕೆಳಗೆ ತಳ್ಳಿ, ಮೊದಲು ಕಣ್ಣು, ಆಮೇಲೆ ಕೈ, ಕೊನೆಗೆ ಕಾಗದ ಎನ್ನುತ್ತಿದ್ದೆ. ಅದರಲ್ಲೂ ಜಠರದ ಕ್ಯಾನ್ಸರಿನ ಪಾಠವೆಂದರೆ ನನಗೆ ಬಲು ಇಷ್ಟ. ಇಷ್ಟ ಅನ್ನುವುದು ಕ್ರೂರವಾಗಿ ಕೇಳುತ್ತದೆ, ಏನು ಮಾಡುವುದು, ಮೇಷ್ಟ್ರುಗಳ ಇಷ್ಟವೇ ಹಾಗೆ. ಆ ಕಾಯಿಲೆ ಹೊಟ್ಟೆಯೊಳಗೆ ಅಡಗಿ ಕೂತು ತನ್ನ ಗುರುತುಗಳನ್ನು ಬೇರೆಲ್ಲೋ ಬಿಟ್ಟಿರುತ್ತದೆ. ಎಡಗಡೆ ಕೊರಳ ಬುಡದ ಎಲುಬಿನ ಹಿಂದೆ, ಬೆರಳ ತುದಿ ಕೂರುವಷ್ಟು ತಗ್ಗಿನಲ್ಲಿ, ಒಂದು ಗಟ್ಟಿ ಗಂಟು. ಕೆಲವರಿಗೆ ಹೊಕ್ಕುಳಲ್ಲೇ ಒಂದು ಗಡಸು ಗುಳ್ಳೆ. ಕೆಲವರಿಗೆ ಕತ್ತಿನ ಹಿಂದೆ, ಕಂಕುಳಲ್ಲಿ, ಚರ್ಮ ಕಪ್ಪಾಗಿ ದಪ್ಪಗಾಗಿ ಮಖಮಲ್ಲು ಮುಟ್ಟಿದ ಹಾಗಿರುತ್ತದೆ. ಕೆಳರೆಪ್ಪೆ ಎಳೆದರೆ ಒಳಗೆ ಕೆಂಪೇ ಇಲ್ಲ. ಜಠರದ ಕೆಳಬಾಗಿಲು ಮುಚ್ಚುತ್ತ ಬಂದಿದ್ದರೆ, ಉಂಡು ನಾಲ್ಕು ಗಂಟೆಯಾದ ಮೇಲೂ ಸೊಂಟ ಹಿಡಿದು ಕುಲುಕಿದರೆ ಒಳಗೆ ನೀರು ತುಳುಕುವ ಸದ್ದು. "ತುಂಬಿದ ಕೊಡ ತುಳುಕೋದಿಲ್ಲ ಅಂದವರು ಈ ಹೊಟ್ಟೆ ನೋಡಿರಲಿಲ್ಲ" ಎಂಬ ನನ್ನ ಜೋಕಿಗೆ ಮೂವತ್ತೊಂದು ಬ್ಯಾಚುಗಳು ನಕ್ಕಿವೆ. ನಗದಿದ್ದರೆ ಮಾರ್ಕ್ಸಿಗೆ ಸಂಚಕಾರ ಎಂಬ ಭಯವೂ ಇದ್ದೀತು.

ಈ ಗುರುತುಗಳೆಲ್ಲ ಕೈಗೆ ಸಿಗುವ ಹೊತ್ತಿಗೆ ಬಹುಪಾಲು ತಡವಾಗಿರುತ್ತದೆ. ಅದನ್ನೂ ಹೇಳಿಕೊಡುತ್ತೇನೆ, ಆದರೆ ಕೊನೆಯಲ್ಲಿ, ಹುಡುಗರು ಪುಸ್ತಕ ಮುಚ್ಚಿ ಕ್ಯಾಂಟೀನಿನ ಕಡೆ ನೋಡುತ್ತಿರುವಾಗ.

ನನಗೆ ಒಬ್ಬಳೇ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರಾದವಳು. ಶಾಲೆಯಲ್ಲಿ ಅವಳಿಗೆ 'ಸೊನ್ನೆ ಟೀಚರ್' ಎಂದು ಹೆಸರು. ಉತ್ತರ ಸರಿಯಿದ್ದು ದಾರಿ ತಪ್ಪಿದ್ದರೂ ಸೊನ್ನೆಯೇ. ಹೆಸರಿಡಿಸಿಕೊಳ್ಳುವುದರಲ್ಲಿ ಅಕ್ಕ ತಮ್ಮ ಇಬ್ಬರೂ ಹಿಂದೆ ಬಿದ್ದವರಲ್ಲ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ನನಗೆ ಸ್ನಾನ ಮಾಡಿಸಿ, ತಲೆ ಬಾಚಿ, ಚಪ್ಪಲಿ ಹಾಕಿಸಿ, ಶಾಲೆಯ ಗೇಟಿನ ತನಕ ಕಿವಿ ಹಿಡಿದು ಕರೆದುಕೊಂಡು ಹೋದವಳು ಅವಳೇ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವಳ ಮನೆ. ಭಾವ ಗಡಿಯಾರ ರಿಪೇರಿಯವರು, ಮಾತು ಕಡಿಮೆ, ಅಕ್ಕನಿಗೆ ಎದುರಾಡದೆ ನಲವತ್ತು ವರ್ಷ ಸಂಸಾರ ಮಾಡಿದ ಪುಣ್ಯಾತ್ಮ.

ಹದಿನೈದು ದಿನಕ್ಕೊಂದು ಭಾನುವಾರ ನಾನು ಅಲ್ಲಿಗೆ ಊಟಕ್ಕೆ ಹೋಗುತ್ತೇನೆ. ಎಂಟು ತಿಂಗಳ ಹಿಂದಿನ ಒಂದು ಭಾನುವಾರ ಅಕ್ಕ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದಳು.

"ಲೋ, ಎರಡು ತುತ್ತು ತಿಂದ್ರೆ ಹೊಟ್ಟೆ ತುಂಬಿಬಿಡತ್ತೆ ಕಣೋ."

"ಗ್ಯಾಸು," ಎಂದೆ.

"ಒಳಗೆ ಉರಿ ಬೇರೆ."

"ಅದೂ ಗ್ಯಾಸೇ."

"ಎಲ್ಲಾ ಲೆಕ್ಕಕ್ಕೂ ಒಂದೇ ಉತ್ತರ. ನನ್ನ ಕ್ಲಾಸಲ್ಲಿ ಆಗಿದ್ರೆ ಸೊನ್ನೆ ಕೊಡ್ತಿದ್ದೆ."

ಭಾವ ನಕ್ಕರು, ನಾನೂ ನಕ್ಕೆ. ಬ್ಯಾಗಿನಲ್ಲಿದ್ದ ಗ್ಯಾಸಿನ ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು, ಎಂದೆ. ಮುಂದಿನ ಸಲ ಇನ್ನೊಂದು ಪಟ್ಟಿ ಕೊಟ್ಟೆ. ಆಮೇಲೆ ಹೆಸರು ಬದಲಿಸಿ ಬೇರೆ ಕಂಪನಿಯದು ಕೊಟ್ಟೆ. ನಡುವೆ ಎರಡು ಮೂರು ಸಲ ಫೋನು ಮಾಡಿದಳು. ನಾನು ವಾರ್ಡಿನಲ್ಲಿ ಯಾರದೋ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಫೋನನ್ನು ಭುಜಕ್ಕೆ ಆನಿಸಿ, "ಅಕ್ಕಾ, ರಾತ್ರಿ ಬೇಗ ಊಟ ಮಾಡು, ಸರಿ ಹೋಗತ್ತೆ" ಎಂದೆ. ಐದನೇ ತಿಂಗಳ ಹೊತ್ತಿಗೆ ಅವಳ ಕೈಗಡಿಯಾರ ಮಣಿಕಟ್ಟಿನಿಂದ ಮೊಣಕೈಯ ತನಕ ಜಾರುತ್ತಿತ್ತು. ಭಾವ ಆಗಲೇ ಅದರ ಬೆಲ್ಟಿಗೆ ಎರಡು ತೂತು ಹೆಚ್ಚಿಗೆ ಕೊರೆದು ಕೊಟ್ಟಿದ್ದರು. ನಾನು ಅದನ್ನು ನೋಡಿದೆ. ನೋಡಿ ಏನು ಹೇಳಿದೆ ಗೊತ್ತೆ? "ಸಣ್ಣಗಾಗಿದ್ದೀಯ, ವಯಸ್ಸು ಹತ್ತು ವರ್ಷ ಕಡಿಮೆ ಕಾಣತ್ತೆ" ಎಂದೆ.

ಮೆಟ್ಟಿಲ ಮೇಲೆ ಕೂತಿದ್ದ ಲಿಫ್ಟಿನವನನ್ನು ಮಲಗಿಸಿ ನೋಡಿದ ಮನುಷ್ಯ ಅಕ್ಕನಿಗೆ ಯಾಕೆ ಮಲಗು ಎನ್ನಲಿಲ್ಲ? ಕಿವಿ ಹಿಡಿದು ಬೆಳೆಸಿದವಳ ಹೊಟ್ಟೆ ಮುಟ್ಟುವುದಕ್ಕೆ ಸಂಕೋಚ ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಮನೆಯವರನ್ನು ನೋಡುವಾಗ ವೈದ್ಯನ ಕಣ್ಣು ಮಂಜಾಗುತ್ತದೆ ಎಂಬ ದೊಡ್ಡ ಮಾತೂ ಇದೆ. ಆದರೆ ನಿಜವಾದ ಕಾರಣ ಇಷ್ಟೇ: ಸುಸ್ತಾಗಿತ್ತು. ಆರು ದಿನ ಊರವರ ಹೊಟ್ಟೆ ಒತ್ತಿದ ಕೈಗೆ ಏಳನೇ ದಿನ ಊಟ ಮಾಡುವುದು ಬಿಟ್ಟು ಬೇರೇನೂ ಬೇಕಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಜ್ಜಿ ಯಾರನ್ನೋ ಬೈಯುತ್ತಿದ್ದಳು. ಬೈಸಿಕೊಳ್ಳಬೇಕಾದವನು ಆಗ ಅವಳ ತೊಡೆಯ ಮೇಲೇ ಕೂತಿದ್ದ.

ಕೊನೆಗೆ ಕಂಡುಹಿಡಿದದ್ದು ಯಾರು ಎಂದರೆ ಹಲ್ಲಿನ ಡಾಕ್ಟರು. ಊಟ ಸೇರದಿರುವುದಕ್ಕೆ ಅಲ್ಲಾಡುವ ದವಡೆಹಲ್ಲೇ ಕಾರಣವಿರಬೇಕು ಎಂದುಕೊಂಡು ಅಕ್ಕ ಜೆರಾಕ್ಸ್ ಅಂಗಡಿಯ ಮೇಲಿನ ಕ್ಲಿನಿಕ್ಕಿಗೆ ಹೋಗಿದ್ದಾಳೆ. ಆ ಹುಡುಗ ಬಾಯಿ ತೆಗೆಸಿ ಒಸಡು ನೋಡಿ, ಏನೋ ಅನುಮಾನ ಬಂದು, ಹೆಬ್ಬೆರಳಿನಿಂದ ಅವಳ ಕೆಳರೆಪ್ಪೆ ಎಳೆದು ನೋಡಿದ್ದಾನೆ. "ಅಮ್ಮಾ, ನಾನು ಹಲ್ಲು ಕೀಳಲ್ಲ. ನಿಮ್ಮ ಮೈಯಲ್ಲಿ ರಕ್ತನೇ ಇಲ್ಲ. ಮೊದಲು ದೊಡ್ಡ ಡಾಕ್ಟರಿಗೆ ತೋರಿಸಿ" ಎಂದಿದ್ದಾನೆ. ದೊಡ್ಡ ಡಾಕ್ಟರು ಅಂದರೆ ನಾನು. ಹಲ್ಲು ನೋಡುವವನು ಕಣ್ಣು ನೋಡಿದ, ಮೈಯೆಲ್ಲ ನೋಡುವವನು ಏನೂ ನೋಡಲಿಲ್ಲ.

ಬಾಯಿಯಿಂದ ಕ್ಯಾಮೆರಾದ ಕೊಳವೆ ಇಳಿಸಿ ನೋಡಿದರು, ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಉತ್ತರ ಬಂತು: ನನ್ನ ಇಷ್ಟದ ಪಾಠದ ಕಾಯಿಲೆಯೇ, ಜಠರದ ಕ್ಯಾನ್ಸರ್. ಸರ್ಜರಿ ವಿಭಾಗದ ನನ್ನ ಗೆಳೆಯ ಪರದೆಯ ಹಿಂದೆ ಅಕ್ಕನನ್ನು ಪರೀಕ್ಷೆ ಮಾಡಿ, ಕೈ ತೊಳೆದು ಹೊರಗೆ ಬಂದ. ನಾನು ಕಾರಿಡಾರಿನಲ್ಲಿ, ಚಕ್ರ ಮುರಿದ ಟ್ರಾಲಿಯ ಪಕ್ಕ ನಿಂತಿದ್ದೆ.

"ಕೊರಳ ಹತ್ರ ಎಡಗಡೆ ಗಂಟಿದೆ," ಎಂದ. "ಆಪರೇಷನ್ ಮಾತು ಬಿಡು. ಔಷಧಿ ಕೊಟ್ಟು ಎಷ್ಟು ದಿನ ತಳ್ಳಬಹುದೋ ನೋಡೋಣ. ನೀನೂ ನೋಡಿದ್ಯಲ್ಲ?"

"ಹೂಂ," ಎಂದೆ.

ನೋಡಿರಲಿಲ್ಲ. ಆಗಲೂ ಮುಟ್ಟಿರಲಿಲ್ಲ. ಮುಟ್ಟಿದರೆ ಅದು ಎಷ್ಟು ದೊಡ್ಡದು, ಎಷ್ಟು ಗಟ್ಟಿ ಎಂದು ಬೆರಳಿಗೆ ಗೊತ್ತಾಗುತ್ತದೆ. ಬೆರಳಿಗೆ ಗೊತ್ತಾದರೆ ಎಷ್ಟು ತಿಂಗಳಿನದು ಎಂಬ ಲೆಕ್ಕವೂ ಬರುತ್ತದೆ. ಎಂಟು ತಿಂಗಳ ಹಿಂದೆ ಕೈಯಿಟ್ಟಿದ್ದರೆ ಹೊಟ್ಟೆಯಲ್ಲಿ ಏನೂ ಸಿಗದೆ ಇರಬಹುದಿತ್ತು, ಅದೂ ನಿಜ. ಆದರೆ ಮಲಗಿಸಿದ್ದರೆ ರೆಪ್ಪೆ ನೋಡುತ್ತಿದ್ದೆ, ತೂಕ ತೆಗೆಸುತ್ತಿದ್ದೆ, ಆ ಕೊಳವೆಯ ಪರೀಕ್ಷೆಗೆ ಆಗಲೇ ಬರೆಯುತ್ತಿದ್ದೆ. ಹಾಗೆ ಮಾಡಿದ್ದರೆ ಗುಣವಾಗುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಆ ಗೊತ್ತಿಲ್ಲದಿರುವುದೇ ನನ್ನನ್ನು ತಿನ್ನುತ್ತಿತ್ತು.

ಭಾವ ಅಂದು ಕಾರಿಡಾರಿನ ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡರು. "ನೀನಿದ್ದೀಯ ಅಂತ ಒಂದು ಧೈರ್ಯ. ಇಲ್ಲದಿದ್ರೆ ನಾವು ಎಲ್ಲಿ ಅಲೀತಿದ್ವಿ," ಎಂದರು. ಆಮೇಲೆ ಮೆಲ್ಲಗೆ ಕೇಳಿದರು. "ಇದು ಮುಂಚೇನೇ ಗೊತ್ತಾಗೋದಿಲ್ವಾ?"

"ಕಳ್ಳ ಕಾಯಿಲೆ ಭಾವ ಇದು. ಗೊತ್ತಾಗೋ ಹೊತ್ತಿಗೆ ಹೀಗೇ ಆಗಿರತ್ತೆ," ಎಂದೆ.

ಅವರು ತಲೆಯಾಡಿಸಿದರು. ನಂಬಿದರು. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಅಕ್ಕನನ್ನು ನಮ್ಮದೇ ಆಸ್ಪತ್ರೆಯ ಎರಡನೇ ಮಹಡಿಯ ಹೆಂಗಸರ ವಾರ್ಡಿನಲ್ಲಿ ಸೇರಿಸಿದರು. ಬೇರೆ ರೂಮು ಬೇಡ ಎಂದಳು, ಅಲ್ಲಿ ಮಾತಾಡೋಕೆ ಗೋಡೆ ಮಾತ್ರ ಇರತ್ತೆ ಎಂದಳು. ದಿನಾ ಬೆಳಿಗ್ಗೆ ನಾನು ಹೇಳಿಬಿಡಬೇಕು ಎಂದುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಅಕ್ಕಾ, ತಪ್ಪು ನನ್ನದು, ನಿನ್ನನ್ನ ಒಂದು ಸಲ ಮಲಗಿಸಿ ನೋಡಿದ್ರೆ ಆಗ್ತಿತ್ತು, ನಾನು ನೋಡಲಿಲ್ಲ. ಇಷ್ಟೇ ವಾಕ್ಯ. ಮಂಚದ ಹತ್ತಿರ ಹೋದ ಕೂಡಲೇ ಕಾಲುಗಡೆ ನೇತುಹಾಕಿದ್ದ ಚಾರ್ಟು ಕೈಗೆ ಬರುತ್ತಿತ್ತು. ಬಿಪಿ ಓದುತ್ತಿದ್ದೆ, ಡ್ರಿಪ್ಪಿನ ಹನಿ ಸರಿಮಾಡುತ್ತಿದ್ದೆ, ಬರ್ತೀನಿ ಎಂದು ಹೊರಡುತ್ತಿದ್ದೆ.

"ನೋಡಮ್ಮ ಇವನ್ನ," ಎಂದು ಅಕ್ಕ ಪಕ್ಕದ ಮಂಚದವಳಿಗೆ ಹೇಳಿದಳು. "ಬಂದ, ಚೀಟಿ ಓದಿದ, ಹೋದ. ಕರೆಂಟ್ ಮೀಟರ್ ಓದೋನು ಇದಕ್ಕಿಂತ ಜಾಸ್ತಿ ಮಾತಾಡ್ತಾನೆ."

ಹೀಗೆ ಹದಿನಾಲ್ಕು ದಿನ ಹೋಯಿತು. ಹದಿನೈದನೇ ದಿನ ಕೊನೆಯ ವರ್ಷದವರ ಪ್ರಾಕ್ಟಿಕಲ್ ಪರೀಕ್ಷೆ.

ನಮ್ಮ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಹೇಳಬೇಕು. ಕೈಗೆ ಚೆನ್ನಾಗಿ ಸಿಗುವ ಗುರುತುಗಳಿರುವ ರೋಗಿಗಳನ್ನು ಒಪ್ಪಿಸಿ ಸಾಲು ಮಂಚದ ಮೇಲೆ ಮಲಗಿಸುತ್ತೇವೆ. ಅವರಿಗೆ ಅಂದು 'ಕೇಸು' ಎಂದು ಹೆಸರು. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಕೇಸು, ಮುಕ್ಕಾಲು ಗಂಟೆ. ಕಾಯಿಲೆಯ ಕಥೆ ಕೇಳಿ, ಮೈ ನೋಡಿ, ಹಾಳೆಯಲ್ಲಿ ಬರೆದಿಡಬೇಕು. ಆಮೇಲೆ ಇಬ್ಬರು ಪರೀಕ್ಷಕರು ಬರುತ್ತೇವೆ, ಒಬ್ಬರು ಹೊರಗಿನ ಕಾಲೇಜಿನವರು, ಒಬ್ಬ ನಾನು. ವರ್ಷಗಟ್ಟಲೆ ಕೇಸಾಗಿ ಪಳಗಿದ ರೋಗಿಗಳಿದ್ದಾರೆ. ಅವರು ಹುಡುಗರಿಗೆ ಪಿಸುಮಾತಿನಲ್ಲಿ, "ಗುಲ್ಮ ಮೂರು ಬೆರಳು ಊದಿದೆ ಅಂತ ಬರ್ಕೋ ಮರಿ, ಹೋದ ಸಲದೋನು ಎರಡು ಅಂದು ಫೇಲಾದ" ಎಂದು ಹೇಳಿಕೊಡುತ್ತಾರೆ. ನಮಗೂ ಗೊತ್ತು, ಸುಮ್ಮನಿರುತ್ತೇವೆ. ಕೇಸುಗಳನ್ನು ಹೊಂದಿಸುವವನು ನನ್ನ ಅಸಿಸ್ಟೆಂಟು, ಯಾವಾಗಲೂ ಕೈಯಲ್ಲಿ ಪಟ್ಟಿ ಹಿಡಿದಿರುವ ಕಾರಣ ಅವನನ್ನು ಎಲ್ಲರೂ 'ಪಟ್ಟಿ' ಎಂದೇ ಕರೆಯುತ್ತಾರೆ.

ಹೊರಗಿನಿಂದ ಬಂದವರು ಹಿರಿಯ ಮೇಡಂ. ನರೆತ ಕೂದಲು, ಮೊಂಡು ಪೆನ್ಸಿಲು, ಹಾಳು ಹರಟೆಯಿಲ್ಲ. ಆರು ಕೇಸು ಮುಗಿಸುವ ಹೊತ್ತಿಗೆ ನನ್ನ ಕಿವಿಯಲ್ಲಿ ಹುಡುಗರ ನಡುಗುವ ದನಿಗಳೇ ತುಂಬಿದ್ದವು. ಏಳನೇ ಪರದೆ ಸರಿಸುವ ಮೊದಲು ಪಟ್ಟಿ ನನ್ನ ಹಿಂದೆಯೇ ಓಡಿ ಬಂದ.

"ಸರ್, ಒಂದು ನಿಮಿಷ. ಲಿವರ್ ಕೇಸಿನವರು ಬೆಳಿಗ್ಗೆ ಹೇಳದೆ ಕೇಳದೆ ಮನೆಗೆ ಹೋಗಿಬಿಟ್ರು. ಹೊಟ್ಟೆ ಕೇಸು ಒಂದು ಕಡಿಮೆ ಆಯ್ತು. ವಾರ್ಡಲ್ಲಿ ಒದ್ದಾಡ್ತಾ ಇದ್ದೆ, ನಿಮ್ಮವರೇ ಕರೆದು ನಾನು ಬರ್ತೀನಿ ಅಂದ್ರು. ನಿಮ್ಮ ಹತ್ರ ಕೇಳಿದೀನಿ ಅಂತಾನೂ ಹೇಳಿದ್ರು. ನಿಜ ತಾನೆ ಸರ್?"

ಅಷ್ಟರಲ್ಲಿ ಮೇಡಂ ಪರದೆ ಸರಿಸಿದ್ದರು.

ಮಂಚದ ಮೇಲೆ ಅಕ್ಕ. ಆಸ್ಪತ್ರೆಯ ಹಸಿರು ಗೌನು, ಒಪ್ಪವಾಗಿ ಬಾಚಿದ ತಲೆ, ಮೂಗಿನ ತುದಿಯಲ್ಲಿ ಕನ್ನಡಕ. ಸ್ಟಾಫ್ ರೂಮಿನಲ್ಲಿ ಕೂರುವ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ನನ್ನ ಮುಖ ನೋಡಿ, ಕಣ್ಣು ಕೂಡ ಮಿಟುಕಿಸದೆ, "ನಮಸ್ಕಾರ ಡಾಕ್ಟ್ರೇ, ಬನ್ನಿ" ಎಂದಳು.

ಐವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನ ಅಕ್ಕ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು. ಪರೀಕ್ಷೆಯ ಕೋಣೆಯಲ್ಲಿ ನೆಂಟಸ್ತಿಕೆ ತೋರಿಸಬಾರದು ಎಂಬುದು ಅವಳ ಹಳೆಯ ಶಿಸ್ತು. ಸ್ವಂತ ನಾದಿನಿಯ ಮಗಳಿಗೆ ಅರ್ಧ ಮಾರ್ಕಿನಲ್ಲಿ ಫೇಲು ಮಾಡಿದವಳು. ನಾನು ಅಲ್ಲೇ, ಇವರು ನಮ್ಮಕ್ಕ, ಈ ಕೇಸು ನಾನು ನೋಡುವ ಹಾಗಿಲ್ಲ ಎನ್ನಬೇಕಿತ್ತು. ನಿಯಮ ಹಾಗೇ ಇದೆ. ಆದರೆ ಮಂಚದ ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿನಿಯನ್ನು ನೋಡಿದೆ. ಹೋದ ಸಲ ಇದೇ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವಳು, ಕೈಯಲ್ಲಿ ಬರೆದ ಹಾಳೆ, ಹಣೆಯಲ್ಲಿ ಬೆವರು. ಕೇಸು ಬದಲಿಸಿದರೆ ಮತ್ತೆ ಮೊದಲಿನಿಂದ. ಅದು ಒಂದು ಕಾರಣ. ಬಾಯಿ ತೆಗೆದರೆ ಮುಂದಿನದೂ ಬಂದುಬಿಡುತ್ತದೆ ಎಂಬ ಹೆದರಿಕೆ ಇನ್ನೊಂದು.

"ನೀವೇ ಕೇಳಿ ಮೇಡಂ," ಎಂದೆ. "ನನಗೆ ಗಂಟಲು ಕೆಟ್ಟಿದೆ."

ಹುಡುಗಿ ಓದತೊಡಗಿದಳು. ಅರವತ್ತನಾಲ್ಕು ವರ್ಷದ ನಿವೃತ್ತ ಶಿಕ್ಷಕಿ. ಎಂಟು ತಿಂಗಳಿಂದ ಊಟ ಸೇರುವುದಿಲ್ಲ, ಬೇಗ ಹೊಟ್ಟೆ ತುಂಬುತ್ತದೆ, ಒಂದು ತಿಂಗಳಿಂದ ಸಂಜೆ ಹೊತ್ತು ವಾಂತಿ, ಬೆಳಿಗ್ಗೆ ತಿಂದದ್ದೂ ಅದರಲ್ಲಿ ಬರುತ್ತದೆ. ತೂಕ ಹದಿನಾಲ್ಕು ಕಿಲೋ ಇಳಿದಿದೆ. ನನಗೆ ತೂಕ ಗೊತ್ತಿರಲಿಲ್ಲ. ಸಂಜೆಯ ವಾಂತಿಯೂ ಗೊತ್ತಿರಲಿಲ್ಲ, ಚಾರ್ಟಿನಲ್ಲಿತ್ತೇನೋ.

"ಮೈಯಲ್ಲಿ ಏನು ಕಂಡೆ, ತೋರಿಸು," ಎಂದರು ಮೇಡಂ.

ಹುಡುಗಿ ಅಕ್ಕನನ್ನು ಮಲಗಿಸಿದಳು. ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಅದು ನಾನು ಹೇಳಿಕೊಟ್ಟದ್ದು. ರೆಪ್ಪೆ ಎಳೆದು ತೋರಿಸಿದಳು, ಕಾಗದದಷ್ಟು ಬಿಳುಪು. ಗೌನು ಸರಿಸಿ, ಮುಟ್ಟದೆ, ಬಗ್ಗಿ ಹೊಟ್ಟೆಯನ್ನೇ ನೋಡಿದಳು. "ಮೇಡಂ, ಎಡಗಡೆ ಪಕ್ಕೆಲುಬಿನ ಕೆಳಗಿಂದ ಬಲಕ್ಕೆ ನಿಧಾನ ಒಂದು ಅಲೆ ಹೋಗ್ತಾ ಇದೆ. ಜಠರ ಮುಂದಕ್ಕೆ ತಳ್ಳೋಕೆ ಕಷ್ಟ ಪಡ್ತಾ ಇದೆ." ನಾನು ಆರಡಿ ದೂರದಲ್ಲಿ ನಿಂತಿದ್ದೆ, ಅಲ್ಲಿಂದಲೂ ಕಾಣುತ್ತಿತ್ತು. ಚರ್ಮದ ಕೆಳಗೆ ಒಂದು ಮುದ್ದೆ ಎದ್ದು, ಬಲಕ್ಕೆ ಜಾರಿ, ಅಡಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದ ಅಕ್ಕನ ಹೊಟ್ಟೆ ಇದು.

ಎದೆಗೂಡಿನ ಕೆಳಗೆ ಗಡ್ಡೆ, ಮೂರು ಬೆರಳಗಲ, ಗಟ್ಟಿ, ಅಂಚು ಉಬ್ಬು ತಗ್ಗು, ಉಸಿರೆಳೆದರೆ ಕೆಳಗೆ ಜಾರುತ್ತದೆ. ಹೊಕ್ಕುಳು ಸರಿಯಿದೆ. ಹೊಟ್ಟೆಯಲ್ಲಿ ನೀರು ಸೇರಿಲ್ಲ. ಆಮೇಲೆ ಕೊರಳು. ಹುಡುಗಿಯ ಬೆರಳು ಎಲುಬಿನ ಮೇಲೆ ತಡಕಾಡಿತು.

"ಇನ್ನೊಂಚೂರು ಹಿಂದೆ, ಮಗು," ಎಂದಳು ಅಕ್ಕ.

"ಪೇಷೆಂಟು ಹೇಳಿಕೊಡಬಾರದಮ್ಮ," ಎಂದರು ಮೇಡಂ.

"ಸರಿ ಮೇಡಂ," ಎಂದು ಅಕ್ಕ ಬಾಯಿಗೆ ಬೀಗ ಹಾಕಿದಳು. ಮೂವತ್ತೈದು ವರ್ಷ ಮಕ್ಕಳ ಬಾಯಿ ಮುಚ್ಚಿಸಿದವಳು, ಈಗ ಅವಳಿಗೇ ತಿರುಗಿ ಬಂತು. ಬೇರೆ ದಿನವಾಗಿದ್ದರೆ ಇದನ್ನು ಭಾವನಿಗೆ ಹೇಳಿ ನಗುತ್ತಿದ್ದೆ.

ಬೆರಳಿಗೆ ಗಂಟು ಸಿಕ್ಕಿತು. ಕೊನೆಗೆ ಹುಡುಗಿ ಅಕ್ಕನ ಎರಡೂ ಪಕ್ಕೆ ಹಿಡಿದು, ಕಿವಿ ಹತ್ತಿರ ತಂದು, ಮೆಲ್ಲಗೆ ಕುಲುಕಿದಳು. ಸದ್ದು ನನ್ನ ತನಕ ಬಂತು. ನನ್ನ ಜೋಕು ತಾನಾಗಿಯೇ ತಲೆಯೊಳಗೆ ಎದ್ದು ನಿಂತಿತು, ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅಕ್ಕ ಮಾಡಿನ ಕಡೆ ನೋಡುತ್ತ ಮಲಗಿದ್ದಳು. ಅಷ್ಟು ಹೊತ್ತು ಯಾರೋ ಒಬ್ಬರು ತನ್ನನ್ನು ಸರಿಯಾಗಿ ನೋಡುತ್ತಿದ್ದಾರೆ ಎಂಬ ಸಮಾಧಾನ ಅವಳ ಮುಖದಲ್ಲಿತ್ತು. ಆ ಸಮಾಧಾನ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ಚೆನ್ನಾಗಿ ನೋಡಿದೀಯ," ಎಂದರು ಮೇಡಂ. "ಈಗ ಒಂದು ಪ್ರಶ್ನೆ. ಇಷ್ಟೆಲ್ಲ ಆಗೋ ತನಕ ಇವರ ಕಾಯಿಲೆ ಬೆಳಕಿಗೆ ಬರಲಿಲ್ಲ. ಎಲ್ಲಿ ತಪ್ಪಿತು?"

ಹುಡುಗಿ ಹಾಳೆ ನೋಡಿಕೊಂಡಳು. "ಪೇಷೆಂಟಿನ ನಿರ್ಲಕ್ಷ್ಯ ಮೇಡಂ. ಎಂಟು ತಿಂಗಳಲ್ಲಿ ಯಾವ ಡಾಕ್ಟರಿಗೂ ತೋರಿಸಿಲ್ಲ. ತಾವೇ ಅಂಗಡಿಯಿಂದ ಗ್ಯಾಸಿನ ಮಾತ್ರೆ ತಂದು ತಗೊಂಡಿದ್ದಾರೆ."

ನಾನು ಅಕ್ಕನ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಮೇಡಂ ಅಕ್ಕನ ಕಡೆ ತಿರುಗಿದರು. ಕೆಟ್ಟ ಮಾತಲ್ಲ, ದಿನಾ ತಡವಾಗಿ ಬರುವವರನ್ನು ನೋಡಿ ನೋಡಿ ಬೇಸತ್ತವರ ಮಾತು. ನಾನೂ ನೂರು ಸಲ ಆಡಿದ್ದೇನೆ. "ಏನಮ್ಮಾ, ಓದಿದವರು ನೀವು, ನಾಲ್ಕು ಮಕ್ಕಳಿಗೆ ಬುದ್ಧಿ ಹೇಳಿದವರು. ಎಂಟು ತಿಂಗಳು ಸುಮ್ಮನೆ ಕೂತ್ರೆ ಹೇಗೆ? ಮನೇಲಿ ಹೇಳೋರು ಕೇಳೋರು ಯಾರೂ ಇರಲಿಲ್ವಾ?"

"ತಪ್ಪಾಯ್ತು ಮೇಡಂ," ಎಂದಳು ಅಕ್ಕ.

ಅಮ್ಮನಿಗೂ ಹೇಳಿದವಳಲ್ಲ ಆ ಮಾತು. ಭಾವನಿಗಂತೂ ಬಿಡಿ. ಹೆಡ್‌ಮಾಸ್ಟರು ಒಮ್ಮೆ ಕ್ಷಮೆ ಕೇಳು ಎಂದದ್ದಕ್ಕೆ ಒಂದು ವರ್ಷ ಅವರ ಜೊತೆ ಮಾತು ಬಿಟ್ಟವಳು, ಹಸಿರು ಗೌನಿನಲ್ಲಿ ಮಲಗಿ, ನನ್ನ ತಪ್ಪನ್ನು ತನ್ನದೆಂದು ಒಪ್ಪಿಕೊಂಡಳು. ನನ್ನಿಂದ ತಡೆಯಲಾಗಲಿಲ್ಲ.

"ಅದು ಸುಳ್ಳು," ಎಂದೆ.

ಮೇಡಂ ಪೆನ್ಸಿಲು ನಿಲ್ಲಿಸಿದರು. ಹುಡುಗಿ ಗಡಿಬಿಡಿಯಲ್ಲಿ ಹಾಳೆ ತಿರುವಿದಳು, ತಾನು ಬರೆದದ್ದಕ್ಕೇ ನಾನು ಹಾಗೆಂದೆ ಎಂದುಕೊಂಡಳು.

"ನಿನ್ನದಲ್ಲ," ಎಂದೆ ಅವಳಿಗೆ. "ಅವರು ಹೇಳಿದ್ದು ಸುಳ್ಳು."

"ಡಾಕ್ಟ್ರೇ, ಪರೀಕ್ಷೆ ನಡೀತಾ ಇದೆ," ಎಂದಳು ಅಕ್ಕ. ದನಿಯಲ್ಲಿ ಗದರಿಕೆ.

"ನಡೀಲಿ. ಮೇಡಂ, ಇವರು ತೋರಿಸಿದಾರೆ. ಎಂಟು ತಿಂಗಳಲ್ಲಿ ಹದಿನಾರು ಸಲ, ಫೋನು ಬಿಟ್ಟು. ಡಾಕ್ಟರು ಗ್ಯಾಸು ಅಂದ್ರು. ಮಲಗಿಸಲಿಲ್ಲ. ರೆಪ್ಪೆ ಎಳೆದು ನೋಡಲಿಲ್ಲ. ತೂಕ ಕೇಳಲಿಲ್ಲ. ಹೊಟ್ಟೆ ಮೇಲೆ ಒಂದು ಸಲ ಕೈ ಇಡಲಿಲ್ಲ. ಆ ಡಾಕ್ಟರು ನಾನೇ. ಇವರು ನಮ್ಮಕ್ಕ. ಈ ಕೇಸಿಗೆ ನಾನು ಬರಲೇಬಾರದಿತ್ತು, ಅದೂ ನನ್ನ ತಪ್ಪೇ."

ಪರದೆಯ ಆಚೆ ಯಾರೋ ಕೆಮ್ಮಿದರು. ಮೇಡಂ ನನ್ನನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದರು. ನಮ್ಮ ವಯಸ್ಸಿನ ವೈದ್ಯರ ಮನೆಯಲ್ಲಿ ಇಂಥದ್ದೊಂದು ಇಲ್ಲದೆ ಇರುವುದಿಲ್ಲ ಎಂದು ಆ ನೋಟದಿಂದ ನನಗನ್ನಿಸಿತು, ನನ್ನ ಅನಿಸಿಕೆ ಇರಬಹುದು. ಅವರು ಸ್ಟೂಲೊಂದನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. ನಾನು ಕೂರಲಿಲ್ಲ, ಕೂತರೆ ಏಳುವುದಕ್ಕೆ ಆಗುತ್ತಿರಲಿಲ್ಲ.

ಹುಡುಗಿ ಪಾಪ, ಪರೀಕ್ಷೆ ಮುಗಿಯಿತೋ ಇಲ್ಲವೋ ತಿಳಿಯದೆ ನಿಂತಿದ್ದಳು. "ಸರ್, ನಾನು ತಿದ್ದಿ ಬರೀಲಾ?" ಎಂದಳು.

"ಬರಿ," ಎಂದೆ.

ಅವಳು ಹಾಳೆಯನ್ನು ಮಂಚದ ಅಂಚಿನ ಮೇಲಿಟ್ಟು ಹಳೆಯ ಸಾಲನ್ನು ಗೀಟು ಹಾಕಿ ಹೊಡೆದಳು. ಬಾಯಲ್ಲಿ ಹೇಳಿಕೊಂಡು ಬರೆದಳು. ಎಂಟು ತಿಂಗಳಿಂದ ತೊಂದರೆ. ಹದಿನಾರು ಸಲ ತೋರಿಸಿದ್ದಾರೆ. ಗ್ಯಾಸಿನ ಮಾತ್ರೆ ಕೊಡಲಾಗಿದೆ. ಹೊಟ್ಟೆಯ ಪರೀಕ್ಷೆ ಮಾಡಿಲ್ಲ. ಚಿಕಿತ್ಸೆ ಕೊಟ್ಟವರು, ಎಂದು ಬರೆದು ಪೆನ್ನು ನಿಲ್ಲಿಸಿದಳು. ನನ್ನ ಕಡೆ ನೋಡಿದಳು, ಮೇಡಂ ಕಡೆ ನೋಡಿದಳು. ಪರೀಕ್ಷೆಯ ಹಾಳೆಯಲ್ಲಿ ಹೆಸರು ಬರೆಯುವ ಹಾಗಿಲ್ಲ.

ಅಕ್ಕ ಮೊಣಕೈ ಊರಿ ಎದ್ದು ಕೂತಳು. ಕನ್ನಡಕ ಏರಿಸಿಕೊಂಡು, "ಕೊಡಿಲ್ಲಿ" ಎಂದು ಹುಡುಗಿಯ ಕೈಯಿಂದ ಹಾಳೆ ತೆಗೆದುಕೊಂಡಳು. ಮೇಲಿನಿಂದ ಕೆಳಗಿನ ತನಕ, ಅವಸರವಿಲ್ಲದೆ, ಒಂದೊಂದು ಸಾಲನ್ನೂ ಓದಿದಳು. ಆಮೇಲೆ ಹಾಳೆಯನ್ನು ವಾಪಸು ಕೊಟ್ಟಳು.

"ಅಲ್ಲಿ ಡಾಕ್ಟ್ರು ಅಂತ ಬರೀಬೇಡ ಮಗು," ಎಂದಳು. "ಡಾಕ್ಟ್ರಾಗಿದ್ರೆ ನೋಡ್ತಿದ್ದ. ತಮ್ಮ ಅಂತ ಬರಿ."

ಹುಡುಗಿ ಹಾಗೇ ಬರೆದಳು.